ಕಬ್ಬಿನ ಗಾಣದಲ್ಲಿ ಬಣ್ಣ ಮುಚ್ಚಿದ ತಿರುಪು ಮೊಳೆಗಳನ್ನು ಬಿಚ್ಚುವ ಕ್ರಮ

ಕೃಷ್ಣರಾಜಸಾಗರದ ನೀರು ನಾಲೆಯ ಮೂಲಕ ಹರಿದು ಬಂದ ಮೇಲೆ ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಸೀಮೆಯಲ್ಲಿ ಕಬ್ಬಿನ ಬೇಸಾಯವು ಹೆಚ್ಚಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾದರೂ ಆಲೆಮನೆಗಳು ನಿಂತುಹೋಗಲಿಲ್ಲ. ಗಾಣದ ಹೊರಮೈಗೆ ಎಣ್ಣೆಬಣ್ಣ ಬಳಿಯುವುದು ಒಳ್ಳೆಯ ವಾಡಿಕೆಯೇ ಸರಿ. ಆದರೆ ಮೊಳೆಗಳ ತಲೆಯ ಮೇಲೂ ಕುಂಚವನ್ನು ಎಳೆಯುವುದರಿಂದ ಕೆಲವು ವರ್ಷಗಳಲ್ಲಿ ತಲೆಯ ಸೀಳೇ ಕಾಣದಾಗುತ್ತದೆ.

ಹಂಗಾಮಿನ ನಡುವೆ ಹಲ್ಲುಗಾಲಿಗಳ ಮೇಲಿನ ತಗಡನ್ನು ತೆಗೆಯಬೇಕಾಗಿ ಬಂದಾಗ ತೊಂದರೆಯು ತಿಳಿಯುವುದು. ಕಡಿದ ಕಬ್ಬು ಕಾಯುತ್ತ ಬಿದ್ದಿದ್ದರೆ ಅದರ ಸಕ್ಕರೆ ಕೆಟ್ಟು ಬೆಲ್ಲವು ಗಟ್ಟಿಯಾಗದು. ಆತುರದಲ್ಲಿ ಉಳಿ ಸುತ್ತಿಗೆಗಳಿಂದ ಹೊಡೆದವರು ಮೊಳೆಯ ತಲೆಯನ್ನು ಮುರಿದು ಸುತ್ತಲಿನ ಬಣ್ಣವನ್ನೂ ಸಿಡಿಸುತ್ತಾರೆ. ಕಬ್ಬಿನ ಹಾಲು ಆಮ್ಲಗುಣವುಳ್ಳದ್ದು. ಬಣ್ಣ ಹೋದೆಡೆಯಲ್ಲಿ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ಸಿಡಿದ ಚಕ್ಕೆಯು ಹಾಲಿಗೆ ಬಿದ್ದರೆ ಬೆಲ್ಲದೊಳಕ್ಕೇ ಹೋಗುವುದು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಬಂದದ್ದು 2016ರಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ನಂಬತಕ್ಕದ್ದಲ್ಲ.

ಮೊದಲು ಗಾಣವನ್ನು ನಿಲ್ಲಿಸಿ, ವಿದ್ಯುತ್ತಿನದಾದರೆ ಫ್ಯೂಸನ್ನೂ ಕಿತ್ತಿಡತಕ್ಕದ್ದು. ಹಾಲಿನ ತೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಬೇಕು. ಆಮೇಲೆ ಹರಿತವಾದ ಚಾಕುವಿನ ತುದಿಯನ್ನು ನೆಟ್ಟಗೆ ಹಿಡಿದು ಮೊಳೆಯ ತಲೆಯ ಅಂಚಿನ ಸುತ್ತ ಬಣ್ಣವನ್ನು ಕೊಯ್ಯಬೇಕು. ಈ ಒಂದು ಕೆಲಸವನ್ನು ಸಾವಧಾನದಿಂದ ಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆಯೇ. ಕೊಯ್ದ ಗೆರೆಯಿಂದಾಚೆಗೆ ಬಣ್ಣವು ಸಿಡಿಯುವುದು ಅಪರೂಪ. ಮುರಿದ ಗರಗಸದ ಅಲಗಿನ ತುಂಡಿನಿಂದ ಸೀಳಿನೊಳಗಿನ ಬಣ್ಣವನ್ನು ಉದ್ದಕ್ಕೆ ಕೆರೆದು, ಎದ್ದ ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು.

ತಿರುಪುಳಿಯ ಮೂತಿಯು ಸೀಳಿನ ಅಗಲವನ್ನೂ ದಪ್ಪವನ್ನೂ ಪೂರ್ತಿ ತುಂಬುವಂತಿರಬೇಕು. ಕಿರಿದಾದುದು ಜಾರಿ ಸುತ್ತಲೂ ಗೀರುವುದು. ನಡುವೆ ತೂತು ಮಾಡಿದ ರಟ್ಟಿನ ತುಂಡನ್ನು ಮೊಳೆಯ ಮೇಲಿಟ್ಟುಕೊಂಡರೆ ಜಾರಿದರೂ ಹಾನಿಯಿಲ್ಲ. ತಿರುಪುಳಿಯ ಹಿಡಿಯ ಮೇಲೆ ಎರಡು ಮೂರು ಹಗುರವಾದ ಪೆಟ್ಟು ಕೊಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಅನಂತರ ಸಡಿಲಿಸತಕ್ಕದ್ದು. ಹಾಗೂ ಅಲುಗದಿದ್ದರೆ ತುಕ್ಕು ಹಿಡಿದಿದೆಯೆಂದು ತಿಳಿದು, ಅಂಚಿಗೆ ಒಂದು ತೊಟ್ಟು ತೆಳು ಎಣ್ಣೆಯನ್ನು ಬಿಟ್ಟು ರಾತ್ರಿಯೆಲ್ಲ ಬಿಡುವುದು ಮೇಲು. ಬೆಂಕಿಯ ಜ್ವಾಲೆಯನ್ನು ತೋರಿಸಲೇಬಾರದು. ಬಣ್ಣ ಕರಕಾಗುವುದಲ್ಲದೆ ಸೀಸದ ಹೊಗೆ ಏಳಬಹುದು.

ಮೊಳೆಗಳೆಲ್ಲ ಬಂದ ಮೇಲೆ ತಗಡನ್ನು ಸೆಳೆಯುವ ಮುನ್ನ ಅದರ ಅಂಚನ್ನೂ ಕೊಯ್ಯಬೇಕು, ಏಕೆಂದರೆ ಅದೂ ಬಣ್ಣದಿಂದ ಅಂಟಿರುತ್ತದೆ. ಬಿದ್ದ ಚಕ್ಕೆಗಳನ್ನು ಮಕ್ಕಳು ಮತ್ತು ದನಕರುಗಳ ಬಾಯಿಗೆ ಸಿಗದಂತೆ ಕಾಗದದಲ್ಲಿ ಕಟ್ಟಿ ತೆಗೆಯತಕ್ಕದ್ದು. ಬೂದಿಯೊಡನೆ ಗೊಬ್ಬರದ ಗುಂಡಿಗೆ ಸುರಿಯಕೂಡದು. ತಿರುಗಿ ಕೂಡಿಸುವಾಗ ಮೊಳೆಯ ಸುತ್ತುಗಳಿಗೆ ಗ್ರೀಸು ಸವರಿ, ಬಣ್ಣ ಹೋದ ಕಡೆ ಕುಂಚದ ತುದಿಯಿಂದ ಹಚ್ಚಬೇಕು. ಮುಂದೆ ಬಣ್ಣ ಬಳಿಯುವಾಗ ಮೊಳೆಯ ಸೀಳುಗಳಿಗೆ ಮೊದಲೇ ಮೇಣ ತುಂಬಿಟ್ಟರೆ ಒಂದು ಸಂಜೆಯ ಕೆಲಸ ಉಳಿಯುವುದು.