ಹಾಡುವ ಮಗುವಿಗೆ ಯಾವ ಹೈಸ್ಕೂಲು?

ಏಳನೆಯ ತರಗತಿ ಮುಗಿಯುತ್ತಿದ್ದಂತೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮನೆಗಳಲ್ಲಿ ಮುಂದಿನ ಶಾಲೆಯ ಮಾತು ಶುರುವಾಗುತ್ತದೆ. ಉಳಿದ ಮಕ್ಕಳ ವಿಚಾರ ಎರಡು ದಿನದಲ್ಲಿ ಇತ್ಯರ್ಥವಾಗುತ್ತದೆ. ಆಟಿಸಂ, ಎಡಿಎಚ್‌ಡಿ ಅಥವಾ ಡಿಸ್ಲೆಕ್ಸಿಯಾ ಇದ್ದು, ಒಮ್ಮೆ ಕೇಳಿದ ಹಾಡನ್ನು ಶ್ರುತಿ ತಪ್ಪದೆ ಹಾಡಿ ತೋರಿಸುವ ಮಗುವಾದರೆ ಮಾತ್ರ ಊರೇ ಸಲಹೆಗೆ ಇಳಿಯುತ್ತದೆ. ಆ ಸಲಹೆಗಳಲ್ಲಿ ಪ್ರೀತಿ ಇದೆ, ಮಾಹಿತಿ ಕಡಿಮೆ.

“ಹುಡುಗ ಭಾರಿ ಹಾಡ್ತಾನ್ರೀ, ಗದಗಕ್ಕ ಬಿಟ್ಟು ಬರ್ರಿ.”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ನಮ್ಮ ಭಾಗದಲ್ಲಿ ಮನೆಮಾತು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರವರೆಗೂ ನಡೆಸಿದ ಆ ಆಶ್ರಮ ಕಣ್ಣಿಲ್ಲದ, ಕಾಸಿಲ್ಲದ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟಿದೆ. ಪಂಡಿತ ವೆಂಕಟೇಶಕುಮಾರರು ತಯಾರಾದದ್ದು ಅಲ್ಲಿಯೇ. ಆದರೆ ಅಂಧ ಮಗುವಿನ ಅಗತ್ಯವೇ ಬೇರೆ, ಆಟಿಸಂ ಇರುವ ಮಗುವಿನ ಅಗತ್ಯವೇ ಬೇರೆ. ಅಂಧ ಮಗುವಿಗೆ ಹತ್ತಾರು ಜನರ ಜೊತೆಗಿನ ಬದುಕು ಆಸರೆಯಾಗಬಹುದು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದೇ ದೊಡ್ಡ ಸಂಕಟ: ಪರಿಚಯವಿಲ್ಲದ ಊಟ, ಸಾಲಾಗಿ ಮಲಗುವ ಕೋಣೆ, ಒಂದೇ ಹೊತ್ತಿಗೆ ನಾಲ್ಕು ಕಡೆ ನಾಲ್ಕು ವಾದ್ಯ. ಇದರಲ್ಲಿ ಆಶ್ರಮದ ದೋಷ ಏನೂ ಇಲ್ಲ. ಮನೆಯವರು ಜೊತೆಗಿದ್ದು ಕೆಲವು ದಿನ ನೋಡದೆ ಯಾವ ವಸತಿ ಶಾಲೆಗೂ ಇಂಥ ಮಗುವನ್ನು ಬಿಟ್ಟು ಬರಬಾರದು. ಅದು ಮುರಾರ್ಜಿ ಶಾಲೆಯಾಗಿರಲಿ, ನವೋದಯವಾಗಿರಲಿ.

“ಸಂಗೀತ ಮಾಸ್ತರ ಇರೋ ಸಾಲಿ ಹುಡುಕ್ರಿ, ಉಳಿದದ್ದು ತಾನೇ ಆಗ್ತದ.”

ಆಗುವುದಿಲ್ಲ. ಸ್ವರವನ್ನು ಕೇಳಿದ ಕೂಡಲೇ ಇದು ಇಂಥದ್ದೇ ಎಂದು ಹೇಳಬಲ್ಲ ಕಿವಿ ಆಟಿಸಂ ಇರುವವರಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ ಎಂದು ಸಂಶೋಧಕರು ಹೇಳುತ್ತಾರೆ. ಎಲ್ಲರಲ್ಲೂ ಅಲ್ಲ, ಆಟಿಸಂ ಇದ್ದವರೆಲ್ಲ ಹುಟ್ಟು ಪ್ರತಿಭೆಗಳು ಎಂಬುದು ಸಿನಿಮಾದವರು ಹಬ್ಬಿಸಿದ ಮಾತು. ಅಷ್ಟು ಚುರುಕಾದ ಕಿವಿಯೇ ಗದ್ದಲವನ್ನು ತಡೆಯಲಾರದೆ ಹೋಗುವುದೂ ಸಾಮಾನ್ಯ. ಬೆಳಗಿನ ಪ್ರಾರ್ಥನೆಗೆ ಹಚ್ಚಿದ ಮೈಕು ಕುಂಯ್‌ಗುಟ್ಟಿದರೆ ಬೇರೆ ಮಕ್ಕಳು ನಗುತ್ತಾರೆ, ಈ ಮಗು ಎರಡೂ ಕಿವಿ ಮುಚ್ಚಿಕೊಂಡು ಸಾಲು ಬಿಟ್ಟು ಓಡುತ್ತದೆ. ಮಾಸ್ತರರ ಕಣ್ಣಿಗೆ ಅದು ಅಶಿಸ್ತು.

ನಮ್ಮ ಕಡೆಯ ಕಟ್ಟಡಗಳೂ ಇದಕ್ಕೆ ಸೇರಿಕೊಳ್ಳುತ್ತವೆ. ಕೆಳಗೆ ಶಹಾಬಾದ ಕಲ್ಲಿನ ಹಾಸು, ಮೇಲೆ ಪತ್ರಾಸ್ ಇಲ್ಲವೇ ಕಾಂಕ್ರೀಟು, ಗೋಡೆಗೆ ಒಂದು ಬಟ್ಟೆಯ ಪರದೆಯೂ ಇಲ್ಲ. ಬಂಡೆಯ ಮೇಲೆ ಡೆಸ್ಕು ಎಳೆದರೆ, ಅಕ್ಷರ ದಾಸೋಹದ ಸ್ಟೀಲ್ ತಾಟು ಬಿದ್ದರೆ ಸದ್ದು ಕೋಣೆಯಲ್ಲೇ ಸುತ್ತುತ್ತದೆ. ಆದ್ದರಿಂದ ಶಾಲೆ ನೋಡಲು ಹೋದಾಗ ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತು ಫಲಿತಾಂಶದ ಬೋರ್ಡು ಓದಿ ಬರಬೇಡಿ. ಪ್ರಾರ್ಥನೆಯ ಹೊತ್ತಿಗೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ ಹೋಗಿ ವರಾಂಡದಲ್ಲಿ ನಿಂತು ಕೇಳಿ. ಸಾಧ್ಯವಾದರೆ ಮಗುವನ್ನೂ ಕರೆದೊಯ್ಯಿರಿ. ಗದ್ದಲ ಹೆಚ್ಚಾದಾಗ ಹತ್ತು ನಿಮಿಷ ಕೂರಲು ಲೈಬ್ರರಿಯೋ ಲ್ಯಾಬೋ ಸಿಗುತ್ತದೆಯೇ, ಬಾಗಿಲ ಪಕ್ಕದ ಬೆಂಚು ಕೊಡುತ್ತಾರೆಯೇ ಎಂದು ಕೇಳಿ. ತರಗತಿಯಲ್ಲಿ ತೊಂಬತ್ತು ಮಕ್ಕಳಿರುವ ಹೆಸರಾಂತ ಶಾಲೆಗಿಂತ ಮೂವತ್ತು ಮಕ್ಕಳಿರುವ ಊರಿನ ಸರ್ಕಾರಿ ಹೈಸ್ಕೂಲು ಇಂಥ ಮಗುವಿಗೆ ಎಷ್ಟೋ ಪಾಲು ಮೇಲು.

ಇನ್ನು ಸಂಗೀತ. ಅದು ಶಾಲೆಯಲ್ಲೇ ಸಿಗಬೇಕೆಂಬ ಹಟ ಏಕೆ? ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಇನ್ನೂ ಬಾಯಲ್ಲಿ ಉಳಿದಿರುವ ಸೀಮೆ ಇದು. ಭಜನೆಯ ಪೇಟಿ, ತಾಳ, ಏಕತಾರಿ, ಮೊಹರಮ್ಮಿನ ರಿವಾಯತ್ ಪದ, ಚಿಂಚೋಳಿ ತಾಂಡಾಗಳ ಲಂಬಾಣಿ ಹಾಡು, ಎಲ್ಲವೂ ಮನೆಯಿಂದ ಕೂಗಳತೆಯಲ್ಲಿವೆ. ಸಂಜೆ ಒಬ್ಬರೇ ಕೂತು ಕಲಿಸುವ ಪೇಟಿ ಮಾಸ್ತರು ಸಿಕ್ಕರೆ, ಮೂವತ್ತು ಜನರನ್ನು ಒಟ್ಟಿಗೆ ಹಾಡಿಸುವ ಶಾಲೆಯ ಪಿರಿಯಡ್ಡಿಗಿಂತ ಅದೇ ಮಗುವಿಗೆ ಹೆಚ್ಚು ಒಗ್ಗುತ್ತದೆ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಶಾಲೆಯ ಹೊರಗೆ ಕಲಿತೇ ಕೂರಬಹುದು. ಶಾಲೆಯಿಂದ ಬೇಕಾದದ್ದು ಒಂದೇ: ಪ್ರತಿಭಾ ಕಾರಂಜಿ, ಕಲೋತ್ಸವ ಬಂದಾಗ ಹೆಸರು ಕಳಿಸುವ ಮನಸ್ಸು, ವೇದಿಕೆ ಬೇಡವೆಂದರೆ ಬಲವಂತ ಮಾಡದ ವಿವೇಕ.

“ಇಂಥಾ ಹುಡುಗರಿಗಿ ನಮ್ಮ ಸಾಲ್ಯಾಗ ಆಗಂಗಿಲ್ರಿ.”

ಇದು ಅಭಿಪ್ರಾಯವಷ್ಟೇ, ನಿಯಮವಲ್ಲ. ಸರ್ಕಾರದ ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಶಾಲೆ ಅಂಗವಿಕಲ ಮಗುವನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎಂಬುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೆಯ ಕಲಮಿನ ಆಶಯ. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇಲ್ಲದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 31ನೆಯ ಕಲಮು ಕೊಡುತ್ತದೆ. ಎಂಟನೆಯ ತರಗತಿ ಶಿಕ್ಷಣ ಹಕ್ಕು ಕಾಯ್ದೆಯೊಳಗೇ ಬರುವುದರಿಂದ ಅಲ್ಲಿಯವರೆಗೆ ಪ್ರವೇಶಕ್ಕೆ ಮಗುವನ್ನು ಸಂದರ್ಶನ ಮಾಡಿ ಜರಡಿ ಹಿಡಿಯುವಂತೆಯೂ ಇಲ್ಲ. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದವರಿಗೆ “ಅದನ್ನೇ ಬರೆದು ಕೊಡ್ರಿ ಸರ್” ಎಂದು ನೋಡಿ; ಬಹಳಷ್ಟು ಬಾಗಿಲು ಅಷ್ಟಕ್ಕೇ ತೆರೆಯುತ್ತವೆ. ತೆರೆಯದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡಿ. ಬ್ಲಾಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಎಷ್ಟೋ ತಂದೆ ತಾಯಿಗೆ ಇದು ಗೊತ್ತೇ ಇರುವುದಿಲ್ಲ.

“ಸರ್ಟಿಫಿಕೇಟ್ ಮಾಡ್ಸಿದ್ರ ಹುಡುಗಗ ಹುಚ್ಚ ಅಂತ ಹೆಸರು ಬೀಳ್ತದ.”

ಹೆಸರು ಇಡುವವರು ಕಾಗದ ನೋಡಿ ಇಡುವುದಿಲ್ಲ, ಅದು ಮೊದಲೇ ಬಿದ್ದಿರುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲದಿದ್ದರೆ ಕಳೆದುಕೊಳ್ಳುವುದು ಮಗುವೇ. ಪರೀಕ್ಷೆಯಲ್ಲಿ ಬರೆಯುವ ಸಹಾಯಕ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಭಾಷಾ ವಿಷಯಗಳಲ್ಲಿ ವಿನಾಯಿತಿ, ಇವೆಲ್ಲ ಸಿಗುವುದು ಅದರ ಆಧಾರದ ಮೇಲೆ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ತೆಲುಗೋ ಆಡಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ಬರೆಯಬೇಕಾದ ಡಿಸ್ಲೆಕ್ಸಿಯಾ ಇರುವ ಹುಡುಗಿಗೆ ಭಾಷಾ ವಿನಾಯಿತಿ ಎಷ್ಟು ದೊಡ್ಡ ಹೊರೆ ಇಳಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ತೊಡಕಿದೆ. ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರು ಮಾತ್ರ ಇಲ್ಲ. ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ, ಆದ್ದರಿಂದ ಎರಡನ್ನೂ ಪರೀಕ್ಷಿಸಲು ಕೇಳಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ ಕಲಬುರಗಿಯ ಜಿಲ್ಲಾ ಆಸ್ಪತ್ರೆಯ ಮೂಲಕ ಪ್ರಮಾಣಪತ್ರ ಪಡೆಯುವುದು ರೂಢಿಯ ದಾರಿ. ಆಳವಾದ ತಪಾಸಣೆ ಬೇಕೆನಿಸಿದರೆ ಬೆಂಗಳೂರು, ಮೈಸೂರುಗಳಷ್ಟು ದೂರ ಹೋಗಬೇಕಾಗಿಲ್ಲ. ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ, ಅಂದರೆ ಎನ್ಐಇಪಿಐಡಿ, ಸಿಕಂದರಾಬಾದಿನಲ್ಲೇ ಇದೆ. ಆಟಿಸಂ ಅಳೆಯಲು ದೇಶವಿಡೀ ಬಳಸುವ ಭಾರತೀಯ ಮಾಪನ ತಯಾರಾದದ್ದೂ ಅಲ್ಲಿಯೇ. ವಾಡಿ, ಚಿತ್ತಾಪುರ, ಸೇಡಂ ಮೂರೂ ಸಿಕಂದರಾಬಾದಿಗೆ ಹೋಗುವ ರೈಲು ಮಾರ್ಗದಲ್ಲಿವೆ. ಶಹಾಬಾದಿನವರಿಗೆ ವಾಡಿ ಮುಂದಿನ ಜಂಕ್ಷನ್ನು. ರೈಲಿಲ್ಲದ ಚಿಂಚೋಳಿಯವರು ತಾಂಡೂರಿನಲ್ಲಿ ಹತ್ತಬಹುದು.

“ಹೈಸ್ಕೂಲಿಗಿ ಬಂದ, ಇನ್ನ ಪೇಟಿ ಮುಚ್ಚಿಡ್ರಿ. ಹಾಡಾ ಹೇಳಿದ್ರ ಹೊಟ್ಟಿ ತುಂಬ್ತದೇನು?”

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಗಣಿತದ ಪಕ್ಕದಲ್ಲಿ ಸಮಾಜಶಾಸ್ತ್ರ, ವಿಜ್ಞಾನದ ಪಕ್ಕದಲ್ಲಿ ರಾಜ್ಯಶಾಸ್ತ್ರದ ಜೊತೆಗೆ ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದು ಅಚ್ಚಾಗಿರುತ್ತದೆ. ಓದಿ ಮುಂದೆ ಹೋಗುವವರೇ ಎಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಇರುವ ಪರ್ಯಾಯ ವಿಷಯಗಳು ಅವು. ರಾಷ್ಟ್ರೀಯ ಮುಕ್ತ ಶಾಲೆ ಎನ್ಐಒಎಸ್‌ನ ಹತ್ತನೆಯ ತರಗತಿಯಲ್ಲೂ ಸಂಗೀತ ಒಂದು ವಿಷಯ. ಸಿಬಿಎಸ್‌ಇ ಕೂಡ ಇಂಥ ಮಕ್ಕಳಿಗೆ ಒಂದೇ ಭಾಷೆ ಸಾಕೆನ್ನುತ್ತದೆ, ಸಂಗೀತವನ್ನು ಆಯ್ದುಕೊಳ್ಳಲು ಬಿಡುತ್ತದೆ. ಹಾಗೆಂದು ಆತುರ ಬೇಡ: ವಿಜ್ಞಾನ ಬಿಟ್ಟ ಮಗುವಿಗೆ ಪಿಯುಸಿಯಲ್ಲಿ ವಿಜ್ಞಾನದ ದಾರಿ ಮುಚ್ಚುತ್ತದೆ, ಮುಕ್ತ ಶಾಲೆಗೆ ಹೋದರೆ ಮನೆಯಲ್ಲಿ ಕೂತು ಓದಿಸುವವರು ಬೇಕು. ಸಿಬಿಎಸ್‌ಇ ಎಂಬ ಒಂದೇ ಕಾರಣಕ್ಕೆ ದಿನವೂ ಕಲಬುರಗಿಗೆ ವ್ಯಾನಿನಲ್ಲಿ ತುಂಬಿ ಕಳಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಹೋಗಿ ಬರುವುದರಲ್ಲೇ ಸೋತ ಮಗು ಸಂಜೆ ಪೇಟಿಯ ಮುಂದೆ ಕೂರುವುದು ಸುಳ್ಳು.

ವಿಷಯ ಬದಲಾವಣೆ, ಭಾಷಾ ವಿನಾಯಿತಿ, ಹೆಚ್ಚುವರಿ ಸಮಯ ಇವೆಲ್ಲವನ್ನೂ ಹತ್ತನೆಯ ತರಗತಿಯಲ್ಲಿ ಪರೀಕ್ಷಾ ಮಂಡಳಿಗೆ ಕಳಿಸಬೇಕಾದವರು ಶಾಲೆಯವರು. ಆಗ ಪ್ರಮಾಣಪತ್ರ ಕೈಯಲ್ಲಿರಬೇಕು. ಆಸ್ಪತ್ರೆಯ ಓಡಾಟಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಎಂಟನೆಯ ತರಗತಿಯಲ್ಲೇ ಅರ್ಜಿ ಹಾಕಿ, ಅದರ ಒಂದು ಪ್ರತಿಯನ್ನು ಹೆಡ್‌ಮಾಸ್ತರರಿಗೆ ಕೊಟ್ಟು ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.