ಅರ್ಧ ಗೇಣು ತಪ್ಪಿದರೆ ಒಂದು ಟಿಎಂಸಿ

1953ರಲ್ಲಿ ತುಂಗಭದ್ರಾ ಜಲಾಶಯ ಮೊದಲು ನೀರು ಹಿಡಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಚಿನ ಲೆಕ್ಕ 105.788. ಉಳಿದ ಜಾಗವನ್ನು ಹೂಳು ನುಂಗಿದೆ. ಆದರೆ 2008ರ ಸಮೀಕ್ಷೆ ಇದನ್ನು 100.855 ಎಂದಿತ್ತು. ಹೂಳೆತ್ತದೆ ಸಾಮರ್ಥ್ಯ ಸುಮಾರು 5 ಟಿಎಂಸಿ ಏರಿದ್ದು ಹೇಗೆ? ಏರಿದ್ದು ನೀರಲ್ಲ, ಬದಲಾದದ್ದು ಅಳತೆ.

ಜಲಾಶಯದ ತಳ ಅಳೆಯಲು ದೋಣಿಗೆ ಎಕೋ ಸೌಂಡರ್ ಕಟ್ಟುತ್ತಾರೆ. ಅದು ನೀರಿನೊಳಕ್ಕೆ ಶಬ್ದ ಬಿಡುತ್ತದೆ. ತಳಕ್ಕೆ ಬಡಿದ ಮಾರ್ದನಿ ಮರಳಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ.

ಡ್ಯಾಂ ಗೋಡೆಯ ಹತ್ತಿರದ ಆಳದಲ್ಲಿ ಈ ಕೆಲಸ ಸಲೀಸು. ತೊಡಕೆಲ್ಲ ಹಿನ್ನೀರಿನ ತುದಿಯಲ್ಲಿ. ಹೊಳೆ ವೇಗ ಕಳೆದುಕೊಂಡು ಹೂಳು ಇಳಿಸುವುದೂ ಅಲ್ಲೇ. ಒಂದು ಮೀಟರ್ ನೀರಿನಲ್ಲಿ ಮಾರ್ದನಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತಿನಲ್ಲಿ ವಾಪಸ್ ಬರುತ್ತದೆ. ಆಗಷ್ಟೇ ಶಬ್ದ ಬಿಟ್ಟ ಉಪಕರಣದ ಕಂಪನವೇ ಇನ್ನೂ ನಿಂತಿರುವುದಿಲ್ಲ, ಗಂಟೆ ಬಾರಿಸಿದವನ ಕಿವಿಗೆ ಪಿಸುಮಾತು ಬೀಳದ ಹಾಗೆ. ಕೆಲವೊಮ್ಮೆ ಮಾರ್ದನಿ ನೀರಿನ ಮೇಲ್ಮೈಗೆ ಬಡಿದು ಮತ್ತೆ ತಳಕ್ಕಿಳಿದು ಬರುತ್ತದೆ. ಉಪಕರಣ ಆ ಎರಡನೆಯದನ್ನು ಹಿಡಿದರೆ ಆಳ ದುಪ್ಪಟ್ಟು. ಜೊಂಡು, ಮೋಟಾರು ಎಬ್ಬಿಸುವ ಗುಳ್ಳೆಗಳೂ ದಾರಿ ತಪ್ಪಿಸುತ್ತವೆ.

ಕೆಸರಿನದು ಇನ್ನೊಂದು ಕಥೆ. 200 ಕಿಲೋಹರ್ಟ್ಸ್ ಆವರ್ತನದ ಶಬ್ದ ಮೆತ್ತನೆಯ ಹೂಳಿನ ಮೇಲ್ಪದರದಿಂದಲೇ ಮರಳುತ್ತದೆ. 30ರ ಆಸುಪಾಸಿನದು ಹೂಳನ್ನು ತೂರಿ ಗಟ್ಟಿ ನೆಲದವರೆಗೆ ಇಳಿಯಬಲ್ಲದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಮೆತ್ತನೆಯ ಪದರ ಎಷ್ಟು ದಪ್ಪ ಎಂಬ ಅಂದಾಜೂ ಸಿಗುತ್ತದೆ.

ಇಷ್ಟು ಸೂಕ್ಷ್ಮ ಏಕೆ ಬೇಕು? ತುಂಬಿದಾಗ ಈ ಜಲಾಶಯ ಹರಡುವುದು 378 ಚದರ ಕಿಲೋಮೀಟರ್ ಎನ್ನುವುದು ಮೂಲ ಲೆಕ್ಕ. ಅಷ್ಟು ಅಗಲಕ್ಕೆ ಆಳದ ಅಳತೆ 10 ಸೆಂಟಿಮೀಟರ್ ತಪ್ಪಿದರೂ 1.3 ಟಿಎಂಸಿ ವ್ಯತ್ಯಾಸ.

ಆದ್ದರಿಂದ ಎಚ್ಚರದ ಸಮೀಕ್ಷಕರು ಮೊದಲು ಸರಪಳಿಯಲ್ಲಿ ಲೋಹದ ಹಲಗೆಯನ್ನು ಗೊತ್ತಿರುವ ಆಳಕ್ಕೆ ಇಳಿಸಿ ಉಪಕರಣವನ್ನು ಪರೀಕ್ಷಿಸುತ್ತಾರೆ, ಸಂವೇದಕ ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟನ್ನು ಕೂಡಿಸುತ್ತಾರೆ. ಆಳ ಕಡಿಮೆಯಾದಂತೆ ಶಬ್ದ ಆವರಿಸುವ ಜಾಗ ಕಿರಿದಾಗುವುದರಿಂದ ದೋಣಿಯ ಸಾಲುಗಳನ್ನೂ ಹತ್ತಿರ ಹತ್ತಿರ ಹಾಕಬೇಕು. ಮೊಣಕಾಲುದ್ದದ ನೀರಿನಲ್ಲಿ ಗುರುತು ಹಾಕಿದ ಬಿದಿರ ಗಳವೇ ಹೆಚ್ಚು ನಂಬಿಕಸ್ಥ. ಹರಿಗೋಲಿನವರಿಗೆ ಇದು ಹೊಸತಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದು ನೆಲ ತೆರೆದಾಗ ಅದೇ ಜಾಗವನ್ನು ನಡೆದೇ ಅಳೆಯಬಹುದು. ಎರಡು ಅಳತೆಗಳು ಕೂಡುವ ಅಂಚಿನಲ್ಲಿ ಅಂಕಿಗಳನ್ನು ತಾಳೆ ನೋಡಲೇಬೇಕು. ಕರ್ನಾಟಕ, ಆಂಧ್ರ, ತೆಲಂಗಾಣಗಳು ಹಂಚಿಕೊಳ್ಳುವ ನೀರಿನ ಲೆಕ್ಕ ಈ ಅಂಕಿಗಳ ಮೇಲೆಯೇ ನಿಂತಿದೆ.