ಅರಳಿಕಟ್ಟೆಯ ಕಣಜ

ಬೀದಿಯಲ್ಲಿ ಜನರ ಬಳಕೆಗೆಂದು ನಿಲ್ಲಿಸುವ ಬೆಂಚು, ತಂಗುದಾಣ, ದೀಪದ ಕಂಬಗಳಿಗೆ ಗಿಡಗಳನ್ನು ಹೊಂದಿಸಿ ಕೀಟ, ಹಕ್ಕಿಗಳಿಗೂ ನೆಲೆ ಕಲ್ಪಿಸುವ ಪ್ರಯತ್ನ ಈಗ ಹಲವು ದೇಶಗಳಲ್ಲಿ ನಡೆದಿದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರವು 2019ರಲ್ಲಿ 316 ಬಸ್ ತಂಗುದಾಣಗಳ ಚಾವಣಿಯ ಮೇಲೆ, ಎಲೆಯಲ್ಲೇ ನೀರು ಹಿಡಿದಿಡುವ ಸೀಡಮ್ ಗಿಡಗಳನ್ನು ಬೆಳೆಸಿ ಜೇನುನೊಣಗಳಿಗೆ ಹೂವು ಒದಗಿಸಿತು. ಸೊರಬ ತಾಲ್ಲೂಕಿನ ಉಳವಿ ಸೀಮೆಯಲ್ಲೂ ಶಿಕಾರಿಪುರದ ಕಡೆಯ ಊರುಗಳಲ್ಲೂ ಇಂಥ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿರುವುದು ಅರಳಿಕಟ್ಟೆ. ಮರದ ಸುತ್ತ ಕಲ್ಲು ಕಟ್ಟಿ, ಒಳಗೆ ಮಣ್ಣು ತುಂಬಿ, ಬದಿಯಲ್ಲಿ ನಾಗರಕಲ್ಲು ನಿಲ್ಲಿಸಿದ ಈ ಜಗುಲಿ ಊರವರಿಗೆ ಕೂರುವ ತಾಣ, ಪಂಚಾಯಿತಿಯ ಜಾಗ, ಪೂಜೆಯ ಸ್ಥಳ. ಅದರ ಮರವಾದರೋ ನೂರಾರು ಜೀವಿಗಳ ಊಟದ ಮನೆ.

ಈ ಊಟವನ್ನು ಸಾಧ್ಯವಾಗಿಸುವುದು ಒಂದೆರಡು ಮಿಲಿಮೀಟರ್ ಉದ್ದದ ಒಂದು ಕಣಜ. ಅರಳಿಯ ಹಣ್ಣೆಂದು ಕರೆಯುವುದು ವಾಸ್ತವದಲ್ಲಿ ನೂರಾರು ಸಣ್ಣ ಹೂಗಳನ್ನು ಒಳಮುಖವಾಗಿ ಮುಚ್ಚಿಟ್ಟುಕೊಂಡ ಪುಷ್ಪಪಾತ್ರೆ. ತುದಿಯ ಕಿರುರಂಧ್ರವೊಂದೇ ಅದರ ಬಾಗಿಲು. ಕಾಯಿ ಹೊರಸೂಸುವ ವಾಸನೆಯ ಜಾಡು ಹಿಡಿದು ಬರುವ ಹೆಣ್ಣುಕಣಜ, ಒತ್ತಾಗಿ ಹೆಣೆದ ಶಲ್ಕಗಳ ನಡುವೆ ತನ್ನ ಚಪ್ಪಟೆ ತಲೆಯನ್ನು ತೂರಿಸಿ ನುಗ್ಗುವಾಗ ಸಾಮಾನ್ಯವಾಗಿ ರೆಕ್ಕೆಗಳನ್ನೂ ಮೀಸೆಯ ತುಂಡುಗಳನ್ನೂ ಕಳೆದುಕೊಳ್ಳುತ್ತದೆ. ಒಳಹೊಕ್ಕ ಮೇಲೆ ಅದು ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂಗಳಲ್ಲಿ ಮರಿಗಳು, ಉಳಿದವುಗಳಲ್ಲಿ ಬೀಜಗಳು ಬೆಳೆಯುತ್ತವೆ. ಮೊದಲು ಹೊರಬರುವ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಡುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಿಂದ ಹಾರಿಹೋಗುತ್ತವೆ. ಅರಳಿಯ ಕುಲದ್ದೇ ಆದ ಅತ್ತಿಮರ ಮತ್ತು ಅದರ ಕಣಜದ ನಡುವಿನ ಇಂಥದೇ ಸಂಬಂಧವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೆ ಬೋರ್ಜಸ್ ಮತ್ತು ಸಂಗಡಿಗರು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಹಾರಿದ ಹೆಣ್ಣಿಗೆ ಉಳಿದಿರುವ ಆಯಸ್ಸು ಒಂದೆರಡು ದಿನ. ಒಂದು ಮರದ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೇ ಮಾಗುವುದರಿಂದ ಅದು ಸಾಮಾನ್ಯವಾಗಿ ಬೇರೆ ಮರವನ್ನೇ, ಅದರಲ್ಲೂ ಆಗತಾನೇ ಎಳೆಗಾಯಿ ಬಿಟ್ಟ ಮರವನ್ನೇ ಹುಡುಕಬೇಕು. ಹೀಗಾಗಿ ಒಂಟಿ ಮರಕ್ಕಿಂತ ಊರೂರಿನ ಕಟ್ಟೆಗಳ ಸರಣಿ ಮುಖ್ಯ. ಬೇರೆಬೇರೆ ಮರಗಳು ಬೇರೆಬೇರೆ ಕಾಲಕ್ಕೆ ಫಲ ಕೊಡುವುದರಿಂದ ಉಳಿದ ಹಣ್ಣುಗಳಿಲ್ಲದ ತಿಂಗಳಲ್ಲೂ ಕುಟ್ರುಹಕ್ಕಿ, ಹಸಿರು ಪಾರಿವಾಳ, ಪಿಕಳಾರ, ಬಾವಲಿಗಳಿಗೆ ಆಹಾರ ಸಿಗುತ್ತದೆ. ಜಗತ್ತಿನಲ್ಲಿ 1,200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಮತ್ತು ಸಸ್ತನಿಗಳು ಅರಳಿ, ಅತ್ತಿಗಳ ಕುಲದ ಹಣ್ಣು ತಿನ್ನುತ್ತವೆ. ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ವರದಿ ಬರೆದ ಸೊರಬದ ಕಾನುಗಳು, ಅಂದರೆ ಹಳ್ಳಿಗಳ ನಡುವೆ ಚದುರಿದ ನಿತ್ಯಹಸಿರಿನ ಕಾಡುತುಂಡುಗಳು, ಇಂದು ಕಿರಿದಾಗಿರುವಾಗ, ಒಂದು ಕಾನಿನಿಂದ ಇನ್ನೊಂದಕ್ಕೆ ಹೋಗುವ ಹಕ್ಕಿಗೆ ದಾರಿಯಲ್ಲಿ ಸಿಗುವ ಅರಳಿಮರ ಬರಿಯ ಅಲಂಕಾರವಲ್ಲ.

ಇಂಥ ಕಟ್ಟೆಗಳನ್ನು ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ಕಾಂಡದವರೆಗೂ ಕಾಂಕ್ರೀಟ್ ಹಾಕಿ, ಟೈಲ್ಸ್ ಕೂರಿಸಿ ಮುಚ್ಚುವುದು ಖೇದದ ಸಂಗತಿ. ನೀರೂ ಗಾಳಿಯೂ ಬೇರಿಗೆ ಇಳಿಯುವುದು ತಗ್ಗುವುದರ ಜೊತೆಗೆ, ಕಲ್ಲಿನ ಸಂದಿಯಲ್ಲಿ ಬಾಳುವ ಹಾವರಾಣಿ, ಇರುವೆ, ಜರೀಗಿಡಗಳ ನೆಲೆಯೂ ಮುಚ್ಚಿಹೋಗುತ್ತದೆ. ಗಾರೆಯಿಲ್ಲದೆ ಜಂಬಿಟ್ಟಿಗೆ ಜೋಡಿಸಿ, ಬುಡದ ಸುತ್ತ ಮಣ್ಣನ್ನು ಬಯಲಾಗಿಯೇ ಬಿಟ್ಟರೆ ಕಡಿಮೆ ಖರ್ಚಿನಲ್ಲಿ ಇವೆಲ್ಲ ಉಳಿಯುತ್ತವೆ. ಹೊಸ ಬಸ್ ತಂಗುದಾಣದ ಪಕ್ಕದಲ್ಲಿ ಅರಳಿ, ಗೋಳಿ, ಬಸರಿಗಳಲ್ಲಿ ಒಂದನ್ನು ನೆಡುವುದಾದರೆ, ಬೇರು ಗೋಡೆಯನ್ನೂ ಚರಂಡಿಯನ್ನೂ ಸೀಳಬಲ್ಲದಾದ್ದರಿಂದ, ಅವುಗಳಿಂದ ಸಾಕಷ್ಟು ದೂರದಲ್ಲಿ, ಮೇಲೆ ವಿದ್ಯುತ್ ತಂತಿ ಹಾಯದ ಕಡೆ ಜಾಗ ಗುರುತಿಸಬೇಕು. ಹಾಗೆ ಮಾಡದಿದ್ದರೆ ಮರವು ಫಲ ಬಿಡುವ ಪ್ರಾಯಕ್ಕೆ ಬರುವ ಹೊತ್ತಿಗೆ ಅದರ ಕೊಂಬೆಗಳನ್ನು ವರ್ಷವರ್ಷವೂ ಕಡಿಯಬೇಕಾಗುತ್ತದೆ.